ದಸರಾ, ದೀಪಾವಳಿಯ ಹೊತ್ತಿಗೆ ಎರಡು ದಿನ ಚಿಕ್ಕಮಗಳೂರಿಗೆ ಬರಬಹುದೇ?

ಪ್ರಶ್ನೆ: ನಾವು ಬೆಂಗಳೂರಿನವರು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೂ ಎಪ್ಪತ್ತು ದಾಟಿದ ಹಿರಿಯರೂ ಇದ್ದಾರೆ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಒಂದು ಶನಿವಾರ, ಭಾನುವಾರ ಚಿಕ್ಕಮಗಳೂರಿಗೆ ಬಂದರೆ ಮಳೆಯ ಕಾಟವಿಲ್ಲದೆ ಗಿರಿಗಳನ್ನು ನೋಡಲಾದೀತೇ?

ಉತ್ತರ: ಧಾರಾಳವಾಗಿ ಬರಬಹುದು. ಆದರೆ ಏನೇನು ನೋಡಬೇಕೆಂದು ಪಟ್ಟಿ ಮಾಡುವ ಮೊದಲು ಯಾವ ವಾರ ಬರುತ್ತೀರಿ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಶರದೃತುವಿನ ಈ ಎರಡು ತಿಂಗಳಲ್ಲಿ ಗಿರಿಯ ಹವೆಯೂ ರಸ್ತೆಯ ದಟ್ಟಣೆಯೂ ವಾರದಿಂದ ವಾರಕ್ಕೆ ಬದಲಾಗುತ್ತವೆ.

ಸೆಪ್ಟೆಂಬರ್ ಮುಗಿದರೆ ಮಳೆಯೂ ಮುಗಿಯಿತೆಂದು ಬಯಲುಸೀಮೆಯ ಕಡೆ ಎಣಿಸುವುದುಂಟು. ಇಲ್ಲಿಯ ಹಿರಿಯರು ಇಂದಿಗೂ ಲೆಕ್ಕ ಹಾಕುವುದು ಮಳೆ ನಕ್ಷತ್ರಗಳಿಂದಲೇ: ಸೆಪ್ಟೆಂಬರ್ ಕೊನೆಗೆ ಹಸ್ತೆ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ ಮೊದಲ ವಾರದಲ್ಲಿ ವಿಶಾಖ. ಈ ದಿನಗಳಲ್ಲಿ ಆಷಾಢದಂತೆ ಹಗಲಿರುಳು ಜಡಿಮಳೆ ಹಿಡಿಯುವುದು ಕಡಿಮೆ. ಬೆಳಗ್ಗೆ ಬಿಸಿಲು ಕಾಯ್ದು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಸಂಜೆಯ ಹೊತ್ತಿಗೆ ಗುಡುಗು ಸಿಡಿಲಿನೊಂದಿಗೆ ಒಂದು ಹದ ಸುರಿದು ಹೋಗುವುದೇ ಹೆಚ್ಚು. ಆದ್ದರಿಂದ ಗಿರಿ ಹತ್ತುವ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಮರವಿಲ್ಲದ ಬೋಳು ನೆತ್ತಿಯ ಮೇಲೆ ಸಿಡಿಲಿನ ಹೊತ್ತಿನಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡಿರುವುದು ಅಪಾಯ. ನನ್ನನ್ನು ಕೇಳಿದರೆ, ದೀಪಾವಳಿ ಕಳೆದು ನವೆಂಬರ್ ನಡುವಿಗೆ ಬೀಳುವ ವಾರಾಂತ್ಯವೇ ಉತ್ತಮ. ಅಷ್ಟರಲ್ಲಿ ಮಳೆ ಹಿಂದೆಗೆದಿರುತ್ತದೆ, ಹುಲ್ಲು ಇನ್ನೂ ಒಣಗಿರುವುದಿಲ್ಲ, ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪಾಗತೊಡಗಿರುತ್ತದೆ. ದಸರಾ ರಜೆಯಲ್ಲೇ ಬರುವುದು ಅನಿವಾರ್ಯವಾದರೆ ಶನಿವಾರ, ಭಾನುವಾರವನ್ನು ಬಿಟ್ಟು ಮಂಗಳವಾರ, ಬುಧವಾರ ಬನ್ನಿ. ಮಕ್ಕಳಿಗೆ ಹೇಗೂ ರಜೆಯಿರುತ್ತದೆ, ದೊಡ್ಡವರು ಎರಡು ದಿನ ರಜೆ ಹಾಕಿದರೆ ಆಯಿತು.

ದೀಪಾವಳಿಯ ವಾರವನ್ನು ತಪ್ಪಿಸಿ ಎನ್ನುವುದಕ್ಕೆ ಮಳೆಗಿಂತ ಬಲವಾದ ಕಾರಣಗಳಿವೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಆರಂಭವಾಗಿ ಬಲಿಪಾಡ್ಯಮಿಯ ಆಸುಪಾಸಿನವರೆಗೆ ನಡೆಯುತ್ತದೆ. ಬೆಂಗಳೂರಿನಿಂದ ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಬರುವ ನಿಮ್ಮ ಸುಮಾರು 245 ಕಿಲೋಮೀಟರ್ ದಾರಿ ಹಾಸನವನ್ನು ಹಾದೇ ಬರುವುದರಿಂದ ಆ ದಿನಗಳ ಜನಸಾಗರ ನಿಮ್ಮ ಪ್ರಯಾಣಕ್ಕೂ ತಟ್ಟುತ್ತದೆ. ಇತ್ತ ಮಲ್ಲೇನಹಳ್ಳಿಯ ಬಳಿ, ನರಕ ಚತುರ್ದಶಿಯಂದು ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಭಕ್ತರು ಬರಿಗಾಲಲ್ಲಿ ಹತ್ತುತ್ತಾರೆ. ಹರಕೆ ಹೊತ್ತು ಬರುವವರಿಗೆ ಅದು ಸಂಭ್ರಮದ ದಿನವೇ ಸರಿ. ವಿಹಾರಕ್ಕೆಂದು ಬರುವವರಿಗೆ ರಸ್ತೆಯಲ್ಲಿ ಕಾಯುವ ದಿನ.

ಇನ್ನು ಗಿರಿಯ ವಿಚಾರ. ಒಂದು ಬೆಳಗಿನಲ್ಲಿ ಒಂದೇ ಶಿಖರ ಸಾಕು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿಗಳಿರುವ ಚಂದ್ರದ್ರೋಣ ಶ್ರೇಣಿಗೆ ಹೋಗುವ ವಾಹನಗಳು ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಿಕೊಳ್ಳಬೇಕೆಂದು ಜಿಲ್ಲಾಡಳಿತ 2025ರಲ್ಲಿ ನಿಯಮ ತಂದಿದ್ದು, ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳಿಗೆ ಪ್ರತ್ಯೇಕವಾಗಿ ಅವಕಾಶ ಕೊಡಲಾಗುತ್ತದೆ. ಮಧ್ಯಾಹ್ನದ ಮೇಲಿನ ಗುಡುಗು ಮಳೆಯ ಕಾರಣಕ್ಕೆ ಬೆಳಗಿನ ಪಾಳಿಯನ್ನೇ ಹಿಡಿಯಿರಿ. ನೋಂದಣಿಯಿಲ್ಲದೆ ಕೈಮರದ ಚೆಕ್‌ಪೋಸ್ಟ್‌ವರೆಗೆ ಬಂದು ವಾದಿಸುವುದರಿಂದ ಮಕ್ಕಳ ಉತ್ಸಾಹ ಕುಂದುವುದನ್ನು ಬಿಟ್ಟರೆ ಬೇರೇನೂ ಆಗದು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ. ರಸ್ತೆ ಮುಗಿದ ಮೇಲೆ ನೆತ್ತಿಯ ಮೇಲಿನ ಮುಳ್ಳಪ್ಪಸ್ವಾಮಿಯ ಗುಡಿಗೆ ನೂರಾರು ಮೆಟ್ಟಿಲುಗಳಿವೆ. ಮಕ್ಕಳು ಓಡಿಕೊಂಡು ಹತ್ತುತ್ತಾರೆ. ಮಂಡಿನೋವಿನ ಹಿರಿಯರು ಕೆಳಗೆ ಸೀತಾಳಯ್ಯನಗಿರಿಯಲ್ಲೇ ಉಳಿಯುವುದು ಲೇಸು, ಏಕೆಂದರೆ ಅಲ್ಲಿಯ ಗುಡಿ ರಸ್ತೆಗೆ ಹತ್ತಿರದಲ್ಲೇ ಇದೆ, ಕಣಿವೆಯ ನೋಟಕ್ಕೂ ಕೊರತೆಯಿಲ್ಲ. ಊರಿಗಿಂತ ಎಂಟುನೂರು ಮೀಟರ್‌ಗೂ ಮೇಲೆ ಹೋಗುವುದರಿಂದ ಚಳಿ ನಾಲ್ಕೈದು ಡಿಗ್ರಿಯಷ್ಟು ಹೆಚ್ಚುತ್ತದೆ, ಗಾಳಿ ಬೀಸಿದರೆ ಇನ್ನೂ ಹೆಚ್ಚೆನಿಸುತ್ತದೆ. ಆದ್ದರಿಂದ ಎಲ್ಲರಿಗೂ ಸ್ವೆಟರ್ ಇರಲಿ. ಹುಲ್ಲಿಗೆ, ಗಿರಿಯ ಕಣಿವೆಗಳಲ್ಲಿನ ಶೋಲಾ ಕಾಡಿಗೆ ಕಾಲಿಟ್ಟರೆ ಅಕ್ಟೋಬರ್‌ನಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಹತ್ತುವುದು ಖಚಿತ. ಅದಕ್ಕೆ ಚಿಟಿಕೆ ಉಪ್ಪು ಸಾಕು, ಗಾಬರಿ ಬೇಡ. ನೀಲಿ ಕುರಿಂಜಿಯ ಚಿತ್ರಗಳನ್ನು ನೋಡಿ ಆಸೆಪಟ್ಟು ಬರುವವರಿಗೆ ಒಂದು ಮಾತು: ಈ ಬೆಟ್ಟಗಳನ್ನು ಅದು ತುಂಬಿದ್ದು 2022ರಲ್ಲಿ, ಮತ್ತೆ ಅರಳಲು ಹನ್ನೆರಡು ವರ್ಷ ಬೇಕು.

ಕೆಮ್ಮಣ್ಣುಗುಂಡಿಯನ್ನೂ ಹೆಬ್ಬೆ ಜಲಪಾತವನ್ನೂ ಈ ಎರಡು ದಿನಕ್ಕೆ ತುರುಕಬೇಡಿ, ಅದಕ್ಕೇ ಒಂದು ಪೂರ್ತಿ ದಿನ ಬೇಕು. ವಾಸ್ತವ್ಯವನ್ನು ಊರಿಗೆ ಹತ್ತಿರದಲ್ಲೇ ನೋಡಿಕೊಳ್ಳಿ. ಚಿಕ್ಕಮಗಳೂರು ಹೋಮ್‌ಸ್ಟೇ ಎಂದು ಕಾದಿರಿಸಿದ್ದು ಮೂಡಿಗೆರೆಯಾಚೆಯ ತೋಟದೊಳಗೆ, ಜೀಪು ಮಾತ್ರ ಹೋಗುವ ದಾರಿಯ ಕೊನೆಯಲ್ಲಿ ಇರಬಹುದು. ಆ ಭಾಗದಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಕತ್ತಲಾದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತೋಟದ ರಸ್ತೆಯಲ್ಲಿ ಸಾಗುವುದು ಒಳ್ಳೆಯದಲ್ಲ. ಕಾದಿರಿಸುವ ಮುನ್ನ ನಿಮ್ಮ ಕಾರು ಅಂಗಳದವರೆಗೆ ಬರುವುದೇ, ಮೊಬೈಲ್ ಸಿಗ್ನಲ್ ಸಿಗುವುದೇ ಎಂದು ಫೋನ್ ಮಾಡಿ ಕೇಳಿ.

ಎರಡನೆಯ ದಿನ ಬಂದ ದಾರಿಯಲ್ಲೇ ಮರಳದೆ ಬೆಳವಾಡಿಯ ಮೇಲೆ ಇಳಿಯಿರಿ. ಅಲ್ಲಿಯ ತ್ರಿಕೂಟ ದೇವಾಲಯದಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂರ್ತಿಗಳನ್ನು ನೂಕುನುಗ್ಗಲಿಲ್ಲದೆ ನೋಡಬಹುದು. ಹಿರಿಯರಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸುವ ಜಾಗ ಇದೇ ಎಂಬುದು ನನ್ನ ಅಂದಾಜು. ಅಲ್ಲಿಂದ ಹತ್ತಿರದಲ್ಲೇ ಹಳೇಬೀಡು, ಮುಂದೆ 16 ಕಿಲೋಮೀಟರ್‌ಗೆ ಬೇಲೂರು. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯ, ಹಳೇಬೀಡು ಮತ್ತು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ವಾರಾಂತ್ಯದ ದಟ್ಟಣೆ ಕಡಿಮೆಯೇನಿಲ್ಲ. ನಡುಹಗಲಿನಲ್ಲಿ ಅಂಗಳದ ಕಲ್ಲು ಕಾಯುವುದರಿಂದ ಹಿರಿಯರಿಗೆ ದಪ್ಪ ಕಾಲುಚೀಲ ತನ್ನಿ. ಎರಡನ್ನೂ ನೋಡುವಷ್ಟು ಹೊತ್ತಿಲ್ಲವೆಂದಾದರೆ ಬೇಲೂರನ್ನು ಬರುವ ದಿನವೇ ದಾರಿಯಲ್ಲಿ ನೋಡಿಕೊಂಡು, ಭಾನುವಾರ ಹಳೇಬೀಡಿನಿಂದ ನೇರವಾಗಿ ಹಾಸನಕ್ಕೆ ಹೊರಡಿ. ಅದು ಮೂವತ್ತು ಕಿಲೋಮೀಟರ್‌ನ ದಾರಿ; ಮೂರು ಗಂಟೆಗೆ ಹೊರಟರೆ ರಾತ್ರಿಯ ಊಟಕ್ಕೆ ಬೆಂಗಳೂರು ಸೇರಬಹುದು.