ಅಟ್ಲಾಂಟಾದ ಫಾಕ್ಸ್ ಥಿಯೇಟರ್: ಆ ಪ್ರೀಮಿಯರ್ ಅಲ್ಲಿ ನಡೆದೇ ಇಲ್ಲ

ಪ್ರಶ್ನೆ: ‘ಗಾನ್ ವಿತ್ ದ ವಿಂಡ್’ ಸಿನಿಮಾದ ಪ್ರೀಮಿಯರ್ ನಡೆದದ್ದು ಫಾಕ್ಸ್‌ನಲ್ಲೇ ಅಲ್ವಾ? ಅದಕ್ಕೇ ತಾನೇ ಆ ಥಿಯೇಟರನ್ನು ಕೆಡವದೆ ಉಳಿಸಿಕೊಂಡಿದ್ದು?

ಎರಡೂ ತಪ್ಪು. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ತಿರುಗಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

1939ರ ಡಿಸೆಂಬರ್ 15ರಂದು ಆ ಪ್ರೀಮಿಯರ್ ನಡೆದದ್ದು ಲೋವ್ಸ್ ಗ್ರ್ಯಾಂಡ್ ಥಿಯೇಟರ್‌ನಲ್ಲಿ. ಅದೂ ಅಟ್ಲಾಂಟಾದಲ್ಲೇ ಇತ್ತು, ಅದೂ ಪೀಚ್‌ಟ್ರೀ ಸ್ಟ್ರೀಟ್‌ನಲ್ಲೇ. ಊರೂ ಒಂದೇ, ರಸ್ತೆಯೂ ಒಂದೇ ಆದಾಗ ಗೊಂದಲ ಆಗುವುದು ಸಹಜ. ಆದರೆ ಕಟ್ಟಡ ಬೇರೆ, ಮಾಲೀಕರೂ ಬೇರೆ.

ಮಾಲೀಕರು ಯಾರು ಅನ್ನುವುದೇ ಇಲ್ಲಿ ಮುಖ್ಯ. ಆಗ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಸಿನಿಮಾ ಮಾಡುವುದರ ಜೊತೆಗೆ ಊರೂರಲ್ಲಿ ಥಿಯೇಟರ್‌ಗಳನ್ನೂ ಇಟ್ಟುಕೊಂಡಿದ್ದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಆ ಪದ್ಧತಿ ಮುರಿದುಬಿತ್ತು. ‘ಗಾನ್ ವಿತ್ ದ ವಿಂಡ್’ ವಿತರಣೆ ಎಂಜಿಎಂ ಅನ್ನುವ ಸ್ಟುಡಿಯೋ ಕೈಯಲ್ಲಿತ್ತು. ಎಂಜಿಎಂ ಇದ್ದದ್ದು ಲೋವ್ಸ್ ಕಂಪನಿಯ ಕೈಕೆಳಗೆ. ಅದೇ ಊರಿನಲ್ಲಿ ಸ್ವಂತ ಥಿಯೇಟರ್ ಇಟ್ಟುಕೊಂಡವರು ಅಷ್ಟು ದೊಡ್ಡ ಸಿನಿಮಾವನ್ನು ಬೇರೆಯವರ ಥಿಯೇಟರಿಗೆ ಯಾಕೆ ಕೊಡುತ್ತಾರೆ?

‘ಫಾಕ್ಸ್ ದೊಡ್ಡದಲ್ವಾ, ಅಲ್ಲೇ ಮಾಡಿರಬೇಕು’ ಅನ್ನುವ ವಾದವೂ ಇದೆ. ದೊಡ್ಡದು ನಿಜ. ಫಾಕ್ಸ್‌ನಲ್ಲಿ 4,600ಕ್ಕೂ ಜಾಸ್ತಿ ಸೀಟುಗಳಿದ್ದವು, ಲೋವ್ಸ್‌ನಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಆದರೆ ಸೀಟು ಎಣಿಸಿ ಇತಿಹಾಸ ಊಹಿಸಬಾರದು. ಆ ರಾತ್ರಿಯ ಫೋಟೋಗಳು ಸುಲಭವಾಗಿ ಸಿಗುತ್ತವೆ, ನೋಡಿ. ಸಿನಿಮಾದ ಕಥೆ ನಡೆಯುವುದು ಅಮೆರಿಕದ ದಕ್ಷಿಣ ಭಾಗದಲ್ಲಿ, ಹಾಗಾಗಿ ಥಿಯೇಟರ್ ಮುಂಭಾಗಕ್ಕೆ ಅಲ್ಲಿನ ಜಮೀನ್ದಾರರ ಬಂಗಲೆಯ ಹಾಗೆ ಎತ್ತರದ ಕಂಬಗಳನ್ನು ಕಟ್ಟಿದ್ದಾರೆ. ಫಾಕ್ಸ್‌ಗೆ ಇರುವುದು ಗುಮ್ಮಟ ಮತ್ತು ಮಿನಾರ್. ಎರಡನ್ನೂ ಒಮ್ಮೆ ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ. ಫಾಕ್ಸ್‌ನಲ್ಲೂ ಒಂದು ದೊಡ್ಡ ಪ್ರೀಮಿಯರ್ ನಡೆದಿದೆ: 1946ರ ನವೆಂಬರ್‌ನಲ್ಲಿ, ಡಿಸ್ನಿಯ ‘ಸಾಂಗ್ ಆಫ್ ದ ಸೌತ್’. ಜನರ ನೆನಪಿನಲ್ಲಿ ಎರಡೂ ಬೆರೆತುಹೋಗಿರಬಹುದು.

ಇನ್ನು ಉಳಿಸಿಕೊಂಡ ವಿಷಯ. ಆ ಪ್ರೀಮಿಯರ್‌ನ ಹೆಸರು ಥಿಯೇಟರನ್ನು ಕಾಯುವ ಹಾಗಿದ್ದರೆ ಲೋವ್ಸ್ ಗ್ರ್ಯಾಂಡ್ ಇವತ್ತೂ ಇರಬೇಕಿತ್ತು. 1893ರಲ್ಲಿ ಒಪೆರಾ ಹೌಸ್ ಆಗಿ ಶುರುವಾದ ಆ ಕಟ್ಟಡಕ್ಕೆ 1978ರ ಜನವರಿಯಲ್ಲಿ ಬೆಂಕಿ ಬಿತ್ತು. ಆಮೇಲೆ ಅದನ್ನು ಕೆಡವಿದರು. ಈಗ ಅಲ್ಲಿ ಜಾರ್ಜಿಯಾ-ಪೆಸಿಫಿಕ್ ಕಂಪನಿಯ ಗಗನಚುಂಬಿ ಕಟ್ಟಡವಿದೆ.

ಫಾಕ್ಸ್‌ನ ಕಥೆ ಬೇರೆ. ಶ್ರೈನರ್ಸ್ ಅನ್ನುವ ಸೋದರ ಸಂಘದವರು ತಮ್ಮ ಭವನವಾಗಿ ಅದನ್ನು ಕಟ್ಟಲು ಹೊರಟರು. ಅವರಿಗೆ ಅರಬ್ ಶೈಲಿಯ ಅಲಂಕಾರ ಇಷ್ಟ, ಅದಕ್ಕೇ ಆ ಗುಮ್ಮಟಗಳು. ಖರ್ಚು ಕೈಮೀರಿತು. ಸಿನಿಮಾ ಉದ್ಯಮಿ ವಿಲಿಯಂ ಫಾಕ್ಸ್‌ಗೆ ಲೀಸ್‌ಗೆ ಕೊಟ್ಟರು. 1929ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಷೇರುಪೇಟೆ ಕುಸಿದು ಆಗಿನ್ನೂ ಎರಡು ತಿಂಗಳು. ಮೂರು ವರ್ಷ ತುಂಬುವ ಮೊದಲೇ ದಿವಾಳಿ. ಹೇಗೋ ಚೇತರಿಸಿಕೊಂಡು ಸಿನಿಮಾ ತೋರಿಸುತ್ತಾ ಬಂತು. 1974ರಲ್ಲಿ ಸದರ್ನ್ ಬೆಲ್ ಟೆಲಿಫೋನ್ ಕಂಪನಿ ಆ ಜಾಗದಲ್ಲಿ ತನ್ನ ಮುಖ್ಯ ಕಚೇರಿ ಕಟ್ಟಲು ಮುಂದೆ ಬಂದಾಗ ಊರಿನವರು ಎದ್ದುನಿಂತರು. 1975ರಲ್ಲಿ ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಅನ್ನುವ ಸಂಸ್ಥೆ ಹುಟ್ಟಿ, ಸಾಲ ಮಾಡಿ ಥಿಯೇಟರನ್ನು ಕೊಂಡಿತು. ಟೆಲಿಫೋನ್ ಕಚೇರಿ ಹಿಂಭಾಗದ ಜಾಗದಲ್ಲಿ ಎದ್ದಿತು. ಸಾಲ ತೀರಿಸಲು ದೇಣಿಗೆ ಬಂತು, ಸಂಗೀತ ಕಾರ್ಯಕ್ರಮಗಳು ನಡೆದವು. 1976ರ ಜುಲೈಯಲ್ಲಿ ಲಿನಿರ್ಡ್ ಸ್ಕಿನಿರ್ಡ್ ಬ್ಯಾಂಡ್ ಅಲ್ಲಿ ಹಾಡಿದ್ದೂ ಇದಕ್ಕಾಗಿಯೇ. ಲೋವ್ಸ್ ಸುಟ್ಟ ವರ್ಷವೇ, 1978ರಲ್ಲಿ, ಫಾಕ್ಸ್ ಸಾಲಮುಕ್ತವಾಯಿತು. ದುರಸ್ತಿಗೆಂದೇ ಥಿಯೇಟರ್‌ನಲ್ಲಿ ಸ್ವಂತ ಕುಶಲಕರ್ಮಿಗಳ ತಂಡವಿದೆ.

ಯಾರೂ ಕೇಳದ ಪ್ರಶ್ನೆಯೊಂದನ್ನು ನಾನೇ ಎತ್ತುತ್ತೇನೆ. ಈ ಥಿಯೇಟರ್‌ಗಳ ಒಳಗೆ ಯಾರು ಯಾವ ಬಾಗಿಲಿಂದ ಹೋಗುತ್ತಿದ್ದರು? ‘ಗಾನ್ ವಿತ್ ದ ವಿಂಡ್’ ಪಾತ್ರಕ್ಕೆ ಆಸ್ಕರ್ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್ ಅಟ್ಲಾಂಟಾ ಪ್ರೀಮಿಯರಿಗೆ ಬರಲಾಗಲಿಲ್ಲ. ಅವರು ಕಪ್ಪು ವರ್ಣೀಯರು, ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ವರ್ಣಭೇದ ಕಾನೂನಿತ್ತು. ಏಳು ವರ್ಷದ ಮೇಲೆ ಫಾಕ್ಸ್‌ನ ಪ್ರೀಮಿಯರಿಗೆ ಜೇಮ್ಸ್ ಬಾಸ್ಕೆಟ್ ಬರಲಾಗದಿದ್ದದ್ದೂ ಇದಕ್ಕೇ. ಅವರು ‘ಸಾಂಗ್ ಆಫ್ ದ ಸೌತ್’ನ ಮುಖ್ಯ ನಟ! ಫಾಕ್ಸ್‌ಗೆ ಬರುತ್ತಿದ್ದ ಕಪ್ಪು ಪ್ರೇಕ್ಷಕರು ಪೊನ್ಸ್ ಡಿ ಲಿಯಾನ್ ಅವೆನ್ಯೂ ಕಡೆಯ ಹೊರಮೆಟ್ಟಿಲು ಹತ್ತಿ, ಬಾಲ್ಕನಿಯ ಮೇಲ್ತುದಿಯಲ್ಲಿ ಬೇರೆಯಾಗಿ ಕೂರಬೇಕಿತ್ತು. 1962ರವರೆಗೂ ಹೀಗೇ ಇತ್ತು. ಫಾಕ್ಸ್ ನೋಡಲು ಹೋದರೆ ಗುಮ್ಮಟಗಳ ಜೊತೆ ಆ ಮೆಟ್ಟಿಲಿನ ಬಗ್ಗೆಯೂ ಗೈಡ್ ಹತ್ತಿರ ಕೇಳಿ.