ಸಿಟ್ಟಿನ ಜೀನ್ ಯಾವುದು ಮೇಡಂ?

ನಾನು ಇಲಿಗಳ ಜೀನ್ ಮತ್ತು ನಡವಳಿಕೆ ಮೇಲೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಅಂಥದ್ದೊಂದು ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ.

ಲ್ಯಾಬಿನ ಹೆಣ್ಣಿಲಿ ಸಾಮಾನ್ಯವಾಗಿ ಸಾಧು. ಪಂಜರಕ್ಕೆ ಹೊಸ ಗಂಡಿಲಿ ಬಿಟ್ಟರೆ ಮೂಸಿ ಸುಮ್ಮನಾಗುತ್ತದೆ. ಅದೇ ಇಲಿ ಮರಿ ಹಾಕಲಿ, ಆಮೇಲೆ ನೋಡಿ. ಮರಿಗಳನ್ನು ಬಿಟ್ಟು ಗೂಡಿನಿಂದ ನುಗ್ಗಿ, ಹೊಸದಾಗಿ ಬಂದ ಗಂಡಿಲಿಗೆ ಬಾಯಿ ಹಾಕುತ್ತದೆ. ಮರಿ ಹಾಲು ಬಿಡುವ ಹೊತ್ತಿಗೆ ಮತ್ತೆ ತಣ್ಣಗೆ. ಈ ಕೆಲವೇ ವಾರಗಳಲ್ಲಿ ಅದರ ಜೀನ್ ಬದಲಾಯಿತಾ? ಇಲ್ಲ.

ಹಾಗಂತ ಜೀನ್‌ಗೆ ಕೆಲಸವೇ ಇಲ್ಲ ಅನ್ನುತ್ತಿಲ್ಲ. ಬಾಣಂತಿ ಇಲಿಯ ಈ ಜೋರು ಎಲ್ಲ ತಳಿಯಲ್ಲೂ ಒಂದೇ ಥರ ಇರುವುದಿಲ್ಲ. ಟಿಆರ್‌ಪಿಸಿ2 ಅನ್ನುವ ಜೀನ್ ಕೆಡಿಸಿದರೆ ಅದು ತೀರಾ ಇಳಿಯುತ್ತದೆ. ‘ಸಿಕ್ಕಿತಲ್ಲ ಸಿಟ್ಟಿನ ಜೀನ್!’ ಅನ್ನಬೇಡಿ. ಆ ಜೀನ್ ಕೆಲಸ ಮಾಡುವುದು ಮೂಗಿನಲ್ಲಿ, ಬೇರೆ ಇಲಿಯ ವಾಸನೆ ಹಿಡಿಯುವ ಒಂದು ಪುಟ್ಟ ಅಂಗದಲ್ಲಿ. ಬಂದವನು ಯಾರು ಅಂತಲೇ ತಿಳಿಯದಿದ್ದರೆ ಯಾರ ಮೇಲೆ ಎರಗುವುದು? ಕಾಲಿಂಗ್ ಬೆಲ್ಲಿನ ತಂತಿ ಕಿತ್ತರೆ ಬಾಗಿಲು ತೆಗೆಯಲು ಯಾರೂ ಬರುವುದಿಲ್ಲ. ಅಷ್ಟಕ್ಕೆ ಅದನ್ನು ಬಾಗಿಲು ತೆಗೆಯುವ ತಂತಿ ಅಂತೀರಾ?

ಹೊಸಬರನ್ನು ಕಂಡರೆ ಹೆದರುವ ವಿಷಯವೂ ಇಷ್ಟೇ. ಲ್ಯಾಬ್ ಇಲಿಗಳಲ್ಲಿ ಬಾಲ್ಬ್-ಸಿ ಅನ್ನುವ ತಳಿಗೆ ಅಳುಕು ಜಾಸ್ತಿ, ಸಿ57 ಕಪ್ಪು ಇಲಿಗೆ ಕಡಿಮೆ. ತಳಿಗಳ ನಡುವಿನ ಈ ವ್ಯತ್ಯಾಸದಲ್ಲಿ ಜೀನ್ ಪಾಲು ಖಂಡಿತ ಇದೆ. ಆದರೆ 1999ರಲ್ಲಿ ಅಮೆರಿಕ, ಕೆನಡಾದ ಮೂರು ಲ್ಯಾಬ್‌ಗಳು ಅವೇ ತಳಿಗಳು, ಅದೇ ವಯಸ್ಸು, ಅದೇ ಥರದ ಉಪಕರಣ ಇಟ್ಟುಕೊಂಡು ಪರೀಕ್ಷೆ ಮಾಡಿದರೂ ಕೆಲವು ಫಲಿತಾಂಶ ಬೇರೆ ಬೇರೆ ಬಂತು. ನಮಗೆ ಆಶ್ಚರ್ಯವಿಲ್ಲ. ಇಲಿ ಎತ್ತುವ ಕೈ ಬದಲಾದರೂ ಅದಕ್ಕೆ ಗೊತ್ತಾಗುತ್ತದೆ.

ಇನ್ನು, ಗಂಡಿಲಿಯಲ್ಲಿ ಕಂಡದ್ದನ್ನು ಹೆಣ್ಣಿಗೆ ಹಾಗೇ ಹಚ್ಚುವ ಹಳೇ ಚಾಳಿ ಬೇರೆ. ಕ್ಯಾಲಿಫೋರ್ನಿಯಾ ಇಲಿ ಅನ್ನುವ ಜಾತಿಯಲ್ಲಿ ಹೆಣ್ಣೂ ಜಾಗಕ್ಕಾಗಿ ಕಾದಾಡುತ್ತದೆ. ಕೆಲವು ಸಲ ಸೋತರೆ ಸಾಕು, ವಾರಗಳಾದರೂ ಹೊಸ ಇಲಿಯ ಹತ್ತಿರ ಸುಳಿಯಲು ಹಿಂಜರಿಯುತ್ತದೆ. ಗಂಡಿಗೆ ಅಷ್ಟು ತಟ್ಟುವುದಿಲ್ಲ.

ಮೊನ್ನೆ ಒಬ್ಬ ತಂದೆ ಮಗಳ ಜೀನ್ ಟೆಸ್ಟ್ ರಿಪೋರ್ಟ್ ತಂದಿದ್ದರು. ‘ಯಾರ ಜೊತೆಗೂ ಬೆರೆಯಲ್ಲ ಮೇಡಂ. ಇದರಲ್ಲಿ ಎಷ್ಟು ಪರ್ಸೆಂಟ್ ಜೀನ್?’ ನಾನು ಡಾಕ್ಟರ್ ಅಲ್ಲ, ಇಲಿ ನೋಡುವವಳು. ಒಬ್ಬರಿಗೆ ಅಂತ ಹಾಗೆ ಪರ್ಸೆಂಟ್ ಹೇಳಲು ಬರುವುದೂ ಇಲ್ಲ. ಮಗು ಯಾವಾಗಿಂದ ಹೀಗೆ ಅಂತ ಕೇಳಿದೆ.

‘ಸ್ಕೂಲ್ ಬದಲಾಯಿಸಿದ ಮೇಲೆ’ ಅಂದರು. ಅಂದವರೇ ರಿಪೋರ್ಟ್ ಮಡಚತೊಡಗಿದರು.