ಬಾಂಬಿನ ಊರಲ್ಲಿ ಹುಟ್ಟಿದ ಅಣಕದ ಹಾಡುಗಳು

1970ರ ದಶಕದಲ್ಲಿ ಉತ್ತರ ಐರ್ಲೆಂಡ್‌ನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಸಂಜೆಯಾದರೆ ಪೇಟೆ ಖಾಲಿ. ಈ ನಾಡು ಬ್ರಿಟನ್ ಜೊತೆ ಇರಬೇಕೋ, ಐರ್ಲೆಂಡ್‌ಗೆ ಸೇರಬೇಕೋ ಅನ್ನುವ ಜಗಳ 1998ರ ಒಪ್ಪಂದದ ಹೊತ್ತಿಗೆ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡಿತ್ತು. 1972ರ ಜುಲೈ 21ರ ಒಂದೇ ಮಧ್ಯಾಹ್ನ ಇಲ್ಲಿ ಇಪ್ಪತ್ತರಷ್ಟು ಬಾಂಬ್ ಸಿಡಿದವು, 9 ಜನ ಸತ್ತರು. ಪೇಟೆಯ ಸುತ್ತ ಗೇಟು ಬಂದವು. ಅಂಗಡಿಗೆ ಹೋಗಬೇಕಾದರೂ ಚೀಲ ತೆರೆದು ತೋರಿಸಬೇಕಿತ್ತು.

ಹಾಡುಗಾರರನ್ನೂ ಬಿಡಲಿಲ್ಲ. 1975ರ ಜುಲೈ 31ರಂದು ಐರ್ಲೆಂಡ್‌ನ ಮಯಾಮಿ ಶೋಬ್ಯಾಂಡ್ ತಂಡ ಇಲ್ಲಿ ಕಾರ್ಯಕ್ರಮ ಮುಗಿಸಿ ವಾಪಸ್ ಹೊರಟಿತ್ತು. ಸೈನಿಕರ ವೇಷದಲ್ಲಿದ್ದವರು ದಾರಿಯಲ್ಲಿ ಗಾಡಿ ತಡೆದರು. ಮೂವರು ಸಂಗೀತಗಾರರು ಕೊಲೆಯಾದರು. ಹೊರಗಿನ ತಂಡಗಳು ಇತ್ತ ಬರಲು ಹೆದರಿದವು. 1977ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪಂಕ್ ರಾಕ್ ತಂಡ ಕ್ಲ್ಯಾಶ್ ಏನೋ ಬಂತು. ಆದರೆ ವಿಮೆ ಸಿಗದೆ ಅಲ್‌ಸ್ಟರ್ ಹಾಲ್‌ನ ಕಾರ್ಯಕ್ರಮ ರದ್ದಾಯಿತು.

ಯಾರೂ ಬರದಿದ್ದರೆ ನಾವೇ ಹಾಡೋಣ ಅಂತ ಊರಿನ ಹುಡುಗರು ಗಿಟಾರ್ ಹಿಡಿದರು. ಹಿಲ್ ಸ್ಟ್ರೀಟ್‌ನ ಹಾರ್ಪ್ ಬಾರ್‌ನಲ್ಲಿ ಕ್ಯಾಥಲಿಕ್, ಪ್ರೊಟೆಸ್ಟೆಂಟ್ ಹುಡುಗ ಹುಡುಗಿಯರು ಒಟ್ಟಿಗೆ ಕುಣಿದರು. ಪ್ರೊಟೆಸ್ಟೆಂಟರು ಹೆಚ್ಚಾಗಿ ಬ್ರಿಟನ್ ಪರ, ಕ್ಯಾಥಲಿಕ್ಕರು ಹೆಚ್ಚಾಗಿ ಐರ್ಲೆಂಡ್ ಪರ ಇದ್ದ ಆ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಸ್ಟಿಫ್ ಲಿಟಲ್ ಫಿಂಗರ್ಸ್ ಅಲ್ಲಿಯವರೆಗೆ ಬೇರೆಯವರ ಹಾಡು ಹಾಡುತ್ತಿದ್ದ ಬೆಲ್‌ಫಾಸ್ಟ್‌ನ ತಂಡ. ನಿಮ್ಮ ಬದುಕನ್ನೇ ಹಾಡಾಗಿಸಿ ಅಂತ ಅವರಿಗೆ ಹೇಳಿದ್ದು ಪತ್ರಕರ್ತ ಗಾರ್ಡನ್ ಓಗಿಲ್ವಿ. 1978ರಲ್ಲಿ 'ಸಸ್ಪೆಕ್ಟ್ ಡಿವೈಸ್' ಬಂತು. ಸುದ್ದಿಯಲ್ಲಿ ದಿನವೂ ಕೇಳಿಬರುತ್ತಿದ್ದ ಶಂಕಿತ ಬಾಂಬೇ ಹಾಡಿನ ಹೆಸರು. ಕೊನೆಗೆ ಆ ಬಾಂಬು ನಾವೇ, ನಿಮ್ಮ ಮುಖಕ್ಕೇ ಸಿಡಿಯುತ್ತೇವೆ ಅನ್ನುತ್ತಾರೆ ಹುಡುಗರು. ಎರಡೂ ಬಣದ ಮುಖಂಡರಿಗೆ ಇದಕ್ಕಿಂತ ಖಾರವಾದ ಉತ್ತರ ಬೇಕಿರಲಿಲ್ಲ.

ನನಗೆ ಮಾತ್ರ ಅದಕ್ಕಿಂತ 'ಬಾರ್ಬ್ಡ್ ವೈರ್ ಲವ್' ಜಾಸ್ತಿ ಧೈರ್ಯದ ಹಾಡು ಅನಿಸುತ್ತದೆ. ಮುಳ್ಳುತಂತಿಯ ನಡುವೆ ಒಂದು ಪ್ರೀತಿ, ಸಾಲು ಸಾಲಿಗೂ ಬಾಂಬು ಬಂದೂಕಿನ ಚೇಷ್ಟೆ ಮಾತು, ಮಧ್ಯದಲ್ಲಿ ಹಳೇ ಕಾಲದ ಪ್ರೇಮಗೀತೆಯ ಧಾಟಿ. ಸಿಟ್ಟು ಎಲ್ಲರಿಗೂ ಬರುತ್ತದೆ. ಹೆಣ ಬೀಳುತ್ತಿರುವ ಊರಲ್ಲಿ ನಗಿಸುವುದು ಕಷ್ಟ, ಅಲ್ವಾ? ಈ ಹಾಡಿದ್ದ 'ಇನ್‌ಫ್ಲೇಮಬಲ್ ಮೆಟೀರಿಯಲ್' ಆಲ್ಬಮ್ 1979ರಲ್ಲಿ ಬ್ರಿಟನ್‌ನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ರಫ್ ಟ್ರೇಡ್ ಅನ್ನುವ ಪುಟ್ಟ ಕಂಪನಿಗೆ ಅದು ದೊಡ್ಡ ಗೆಲುವು.

ಈ ಹುಡುಗರು ಊರಿನ ಕಷ್ಟವನ್ನು ಮಾರಿಕೊಂಡರು ಅನ್ನುವ ದೂರೂ ಬಂತು. ಉತ್ತರ ಐರ್ಲೆಂಡ್‌ನದೇ ಡೆರಿ ಊರಿನ ಅಂಡರ್‌ಟೋನ್ಸ್ ತಂಡ ಬೇರೆಯೇ ದಾರಿ ಹಿಡಿಯಿತು. 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು 13 ಜನರನ್ನು ಗುಂಡಿಟ್ಟು ಕೊಂದ ಊರು ಅದು. ಆದರೂ ಅವರು ಹಾಡಿದ್ದು ಹುಡುಗಿಯರನ್ನು, ಬೇಸಿಗೆಯನ್ನು. ನಮಗೂ ಸಾಮಾನ್ಯ ಹರೆಯ ಬೇಕು ಅನ್ನುವ ಹಟ ಅದರಲ್ಲಿತ್ತು. 1981ರಲ್ಲಿ ಐರ್ಲೆಂಡ್ ಪರದ ಸಶಸ್ತ್ರ ಗುಂಪಿನ ಕೈದಿ ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ ಉಪವಾಸ ಮುಷ್ಕರ ಹೂಡಿ ಸತ್ತಾಗ ಅವರಿಂದಲೂ ಸುಮ್ಮನಿರಲು ಆಗಲಿಲ್ಲ. 'ಇಟ್ಸ್ ಗೋಯಿಂಗ್ ಟು ಹ್ಯಾಪನ್' ಹಾಡಲು ಟಿವಿಗೆ ಬಂದಾಗ ಗಿಟಾರ್ ವಾದಕ ಡೇಮಿಯನ್ ಓನೀಲ್ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದರು.